ಕೆರೆಯಂಗಳದ ಲೆಕ್ಕ

ಮಾಕಳಿ ಅಂದ ಕೂಡಲೇ ಬೆಂಗಳೂರಿನ ಬಹಳ ಜನಕ್ಕೆ ಮಾಕಳಿದುರ್ಗ ನೆನಪಾಗುತ್ತೆ. ಬೆಟ್ಟ, ರೈಲು ಹಳಿ, ಟ್ರೆಕ್ಕಿಂಗ್. ಅದು ದೊಡ್ಡಬಳ್ಳಾಪುರದ ಆಚೆ ಇರೋದು. ನಾನಿರುವ ಮಾಕಳಿ ತುಮಕೂರು ರಸ್ತೆಯದು. ಮಾದಾವರ ದಾಟಿದ ಮೇಲೆ, ನೆಲಮಂಗಲಕ್ಕೆ ಮೊದಲು. ಇಲ್ಲಿ ಬೆಟ್ಟ ಇಲ್ಲ. ಗೋದಾಮು, ಲಾರಿ, ವೇಬ್ರಿಡ್ಜ್, ಲೇಔಟಿನ ಬೋರ್ಡು ಇವೆ. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಮೆಟ್ರೋ ಬಂದ ಮೇಲೆ ಬೋರ್ಡುಗಳ ಸಂಖ್ಯೆ ಇನ್ನೂ ಹೆಚ್ಚಿದೆ.

ಇಂಥ ಊರಿನಲ್ಲಿ ಜನವರಿ ತಿಂಗಳ ಭಾನುವಾರ ಬೆಳಿಗ್ಗೆ ಒಬ್ಬ ಮನುಷ್ಯ ಕೆರೆ ಏರಿಯ ಮೇಲೆ ಬೈನಾಕ್ಯುಲರ್ ಮತ್ತು ನೋಟ್‌ಬುಕ್ ಹಿಡಿದು ನಿಂತರೆ ಏನಂತ ತಿಳಿಯುತ್ತಾರೆ? ಏರಿ ಪಕ್ಕದ ಟೀ ಅಂಗಡಿಯವನು ಮೊದಲ ಸಲ ನನ್ನನ್ನು ಕೇಳಿದ್ದು ಹೀಗೆ:

"ಏನ್ ಸಾರ್, ಸರ್ವೇನಾ? ರೋಡ್ ಬರುತ್ತಾ ಈ ಕಡೆ?"

"ಇಲ್ಲಪ್ಪ. ಹಕ್ಕಿ ಎಣಿಸ್ತಾ ಇದೀನಿ."

"ಎಣಿಸಿ?"

"ಬರ್ಕೋತೀನಿ."

"ಬರ್ಕೊಂಡು?"

ಈ ಕೊನೆಯ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ಸುಮ್ನೆ" ಅಂದುಬಿಟ್ಟೆ. ಸುಮ್ಮನೆ ಅಲ್ಲ ಅಂತ ಗೊತ್ತಾಗಲು ನನಗೆ ಹದಿನೈದು ವರ್ಷ ಹಿಡಿಯಿತು, ಅದೂ ಒಂದು ಸೋಲಿನ ಮೂಲಕ. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ತಾತ ನೆಲಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ನೀರುಗಂಟಿಯಾಗಿದ್ದರು. ಈಗಿನ ಹುಡುಗರಿಗೆ ಈ ಪದ ಗೊತ್ತಿಲ್ಲ, ಆದ್ದರಿಂದ ಎರಡು ಮಾತು. ಕೆರೆಯ ತೂಬು ಎತ್ತುವವನು, ಇಳಿಸುವವನು ನೀರುಗಂಟಿ. ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಅನ್ನುವುದು ಅವನ ಕೈಯಲ್ಲಿ. ಅವನಿಗೆ ಸ್ವಂತ ಗದ್ದೆ ಇರಲಿ ಬಿಡಲಿ, ಕೆರೆ ಮಾತ್ರ ಅವನ ಕಣ್ಣಳತೆಯಲ್ಲೇ ಇರಬೇಕು. ಏರಿಯಲ್ಲಿ ಹೆಗ್ಗಣ ತೋಡಿದೆಯಾ, ಕೋಡಿಯ ಕಲ್ಲು ಅಲುಗಿದೆಯಾ, ಹೂಳು ಎಲ್ಲಿ ನಿಂತಿದೆ, ಇನ್ನು ಎಷ್ಟು ದಿನದ ನೀರಿದೆ, ಇದೆಲ್ಲ ಅವನು ಹೇಳಬೇಕು. ಬೆಳೆ ಬಂದಾಗ ಊರವರು ಕಣದಲ್ಲಿ ಇಷ್ಟು ಕೊಳಗ ಅಂತ ಅಳೆದು ಕೊಡುತ್ತಿದ್ದರು. ಊರಿನಲ್ಲಿ ಅವನಿಗೆ ಕೂರಲು ಕಟ್ಟೆ ಸಿಗುತ್ತಿರಲಿಲ್ಲ, ಆದರೆ ಅವನ ಮಾತಿಲ್ಲದೆ ನಾಟಿ ಆಗುತ್ತಿರಲಿಲ್ಲ. ನಮ್ಮ ಕೇರಿಯವರ ಸ್ಥಿತಿ ಅದು.

ತಾತ ಓದಿದವರಲ್ಲ. ಅವರ ಲೆಕ್ಕವೆಲ್ಲ ತೂಬಿನ ಕಲ್ಲಿನ ಮೇಲಿನ ನೀರಿನ ಗುರುತಿನಲ್ಲಿ, ಕೆರೆಯಂಗಳದಲ್ಲಿ. ಅಂಗಳ ಅಂದರೆ ನೀರು ಹಿಂದೆ ಸರಿದಾಗ ಮೇಲೇಳುವ ಕೆಸರು ನೆಲ, ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ಬರುವ ಜಾಗ. ಅಲ್ಲಿ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ನಿಂತಿದೆ ಅಂದರೆ ನೀರು ಮೊಣಕಾಲಿಗಿಂತ ಕೆಳಗೆ ಅಂತ ಅವರು ದೂರದಿಂದಲೇ ಹೇಳುತ್ತಿದ್ದರಂತೆ. ನಮ್ಮಪ್ಪ ಹೇಳಿದ್ದು ಇದು, ನಾನು ಕಂಡಿದ್ದಲ್ಲ.

ಈಗ ಬೆಂಗಳೂರಿನ ಕಡೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಆ ಊರು ಕುಡಿಯುತ್ತಿದ್ದದ್ದು ಕೆರೆ ಬಾವಿಗಳ ನೀರನ್ನೇ. ಧರ್ಮಾಂಬುಧಿ, ಸಂಪಂಗಿ, ಹಲಸೂರು, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ. ಮಳೆ ಕೈಕೊಟ್ಟ ವರ್ಷ ಕೆರೆ ಒಣಗಿದರೆ ಊರಿಗೇ ಗೊತ್ತಾಗುತ್ತಿತ್ತು. ಊರಿನ ಕಣ್ಣು ಕೆರೆಯ ಅಂಚಿನ ಮೇಲೇ ಇತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ನಮ್ಮ ಮಾಕಳಿಗೆ ಬೈಕಿನಲ್ಲಿ ಅರ್ಧ ಗಂಟೆ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿ ದೊಡ್ಡ ಕೆರೆ ಕಟ್ಟಿದರು. ಸೋಲದೇವನಹಳ್ಳಿಯಿಂದ ಪಂಪ್ ಮಾಡಿ ಕೊಳವೆಯಲ್ಲಿ ನಗರಕ್ಕೆ ನೀರು ಕೊಟ್ಟರು. ಅದೂ ಸಾಲದೆ 1933ರಲ್ಲಿ, ಅದೇ ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ ಬಂತು.

ನಲ್ಲಿಯಲ್ಲಿ ನೀರು ಬಂದದ್ದು ಒಳ್ಳೆಯದೇ. ಕಾಲರಾ ಕಡಿಮೆಯಾಯಿತು, ಹೆಂಗಸರ ಸೊಂಟ ಉಳಿಯಿತು. ಆದರೆ ಜೊತೆಗೆ ಇನ್ನೊಂದು ಕೆಲಸವೂ ಆಯಿತು. ನೀರು ಎಲ್ಲೋ ದೂರದಿಂದ ಬರಲು ಶುರುವಾದ ಮೇಲೆ ಮನೆ ಮುಂದಿನ ಕೆರೆಯನ್ನು ನೋಡುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಧರ್ಮಾಂಬುಧಿ ಇದ್ದ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಹಳ್ಳಿಗಳ ಕಡೆ ಬೋರ್‌ವೆಲ್ ಬಂದು ಇದೇ ಕೆಲಸ ಮಾಡಿತು. 1961ರ ಕಾಯಿದೆಯಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನೆಲ್ಲ ರದ್ದು ಮಾಡಿದರು. ಜಾತಿಗೆ ಗಂಟು ಹಾಕಿದ್ದ ಚಾಕರಿ ಹೋದದ್ದು ನ್ಯಾಯವೇ, ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಅಳಲಿಲ್ಲ. ಆದರೆ ನೀರುಗಂಟಿಯ ಜಾಗಕ್ಕೆ ಬೇರೆ ಯಾರನ್ನೂ ನೇಮಿಸಲಿಲ್ಲ ಅನ್ನುವುದೂ ನಿಜ. ತೂಬಿಗೆ ಯಾರೋ ಒಬ್ಬ ಸಿಕ್ಕಾನು. ಅಂಗಳವನ್ನು ನೋಡಿ "ಹೋದ ವರ್ಷಕ್ಕಿಂತ ಈ ವರ್ಷ ಹಿಂಗಿದೆ" ಅನ್ನುವವನು ಇಲ್ಲವಾದ.

ಆ ಖಾಲಿ ಜಾಗಕ್ಕೆ, ಯಾರೂ ಕರೆಯದೆ, ಸಂಬಳವೂ ಇಲ್ಲದೆ ಬಂದು ನಿಂತವರೇ ಹಕ್ಕಿ ಎಣಿಸುವವರು. ಇದು ನನ್ನ ವಾದ.

ಹಕ್ಕಿ ಎಣಿಕೆ ಹೊರಗಿನಿಂದ ಬಂದ ಅಭ್ಯಾಸ, ಅದನ್ನು ಮುಚ್ಚಿಡಬೇಕಾಗಿಲ್ಲ. ಅಮೆರಿಕದಲ್ಲಿ ಕ್ರಿಸ್ಮಸ್ ದಿನ ಬಂದೂಕು ಹಿಡಿದು ಹೋಗಿ, ಯಾರು ಹೆಚ್ಚು ಹಕ್ಕಿ ಹೊಡೆಯುತ್ತಾರೆ ಅಂತ ಪಂದ್ಯ ಕಟ್ಟುವ ರೂಢಿ ಇತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬಾತ "ಹೊಡೆಯೋದು ಬೇಡ, ಎಣಿಸೋಣ" ಅಂದ. ಮೊದಲ ವರ್ಷ ಎಣಿಸಿದವರು 27 ಜನ. ಆ ಗಣತಿ ಇವತ್ತಿಗೂ ನಿಂತಿಲ್ಲ. 1967ರಲ್ಲಿ ಯುರೋಪಿನಲ್ಲಿ ನೀರುಹಕ್ಕಿಗಳಿಗೇ ಅಂತ ಬೇರೆ ಗಣತಿ ಶುರುವಾಯಿತು. ನಮ್ಮ ಉಪಖಂಡಕ್ಕೆ ಅದು ಬಂದದ್ದು 1987ರಲ್ಲಿ.

ಆದರೆ ಬೆಂಗಳೂರಿನ ನೆಲ ಆ ಹೊತ್ತಿಗೆ ಹದವಾಗಿತ್ತು. ಜಾಫರ್ ಫತೇಹಲ್ಲಿಯವರು 1960ರಿಂದ ಹಕ್ಕಿ ನೋಡುವವರಿಗಾಗಿ ಒಂದು ಪುಟ್ಟ ಪತ್ರಿಕೆ ನಡೆಸುತ್ತಿದ್ದರು. ಗುಮಾಸ್ತರು, ಮೇಷ್ಟ್ರುಗಳು, ಎಂಜಿನಿಯರುಗಳು ತಮ್ಮ ಊರಿನಲ್ಲಿ ಕಂಡದ್ದನ್ನು ಅದಕ್ಕೆ ಬರೆದು ಕಳಿಸುತ್ತಿದ್ದರು. ಅವರು ಮುಂಬೈ ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದರು. ಇಲ್ಲಿ ಹಕ್ಕಿ ವೀಕ್ಷಕರ ಒಂದು ಕೂಟ ಬೆಳೆಯಿತು, ಬರ್ಡ್ ವಾಚರ್ಸ್ ಫೀಲ್ಡ್ ಕ್ಲಬ್ ಆಫ್ ಬ್ಯಾಂಗಲೂರ್ ಅಂತ. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದು ಅವರ ಪದ್ಧತಿ. 1994ರಲ್ಲಿ ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿಯನ್ನು ಈ ಕೂಟವೇ ಹೊರತಂದಿತು.

ಅದೇ ಕಾಲದಲ್ಲಿ ಸರಕಾರಕ್ಕೂ ಕೆರೆಗಳ ನೆನಪಾಯಿತು. 1985ರಲ್ಲಿ ಎನ್. ಲಕ್ಷ್ಮಣ ರಾವ್ ಅವರ ನೇತೃತ್ವದಲ್ಲಿ ಒಂದು ಸಮಿತಿ ನೇಮಕವಾಗಿ, ಬೆಂಗಳೂರಿನ 127 ಕೆರೆಗಳ ಸ್ಥಿತಿ ಏನು ಅಂತ ನೋಡಿತು. ಅಷ್ಟರಲ್ಲೇ ಅವುಗಳಲ್ಲಿ ಎಷ್ಟೋ ಕೆರೆ ಹೆಸರಿಗಷ್ಟೇ ಕೆರೆಯಾಗಿ ಉಳಿದಿದ್ದವು. ಸಮಿತಿ ವರದಿ ಕೊಟ್ಟಿತು. ಸಮಿತಿಗಳ ಸ್ವಭಾವವೇ ಹಾಗೆ, ಒಂದು ಸಲ ನೋಡುತ್ತವೆ, ವರದಿ ಕೊಡುತ್ತವೆ, ಮುಗಿಯುತ್ತವೆ. ಹಕ್ಕಿ ಎಣಿಸುವವರು ಮರುವರ್ಷವೂ ಹೋದರು. ಅದರ ಮರುವರ್ಷವೂ ಹೋದರು. ಎಂ.ಬಿ. ಕೃಷ್ಣ, ಎಸ್. ಸುಬ್ರಮಣ್ಯ ಇಂಥವರ ಜೊತೆ ಕಾಲೇಜು ಹುಡುಗರು, ಬ್ಯಾಂಕಿನವರು, ಕಾರ್ಖಾನೆಯವರು ಗುಂಪು ಗುಂಪಾಗಿ ಕೆರೆ ಹಂಚಿಕೊಂಡು ಎಣಿಸಿದರು. ಅರಣ್ಯ ಇಲಾಖೆ ಕೈಜೋಡಿಸಿತು. 1996ರಲ್ಲಿ ಬೆಂಗಳೂರಿನ ನೀರುಹಕ್ಕಿಗಳು ಮತ್ತು ಕೆರೆಗಳ ಬಗ್ಗೆ ಇಲಾಖೆ ಮತ್ತು ಕೂಟ ಸೇರಿ ಒಂದು ವರದಿ ತಂದವು. ಕೃಷ್ಣ, ಚಕ್ರಪಾಣಿ, ಶ್ರೀನಿವಾಸ ಈ ಮೂವರು ಬರೆದದ್ದು. ಆ ಕಾಲದಲ್ಲಿ ಯಾವ ಕೆರೆಯಲ್ಲಿ ಏನಿತ್ತು ಅಂತ ಇವತ್ತು ಯಾರಿಗಾದರೂ ಬೇಕಾದರೆ ಮೊದಲು ಹುಡುಕುವುದು ಇಂಥ ವರದಿಗಳನ್ನೇ.

ಗಣತಿ ಹೇಗೆ ನಡೆಯುತ್ತೆ ಅಂತ ಕೇಳುತ್ತೀರಿ. ಬಹಳ ಸರಳ, ಬಹಳ ತಾಳ್ಮೆಯ ಕೆಲಸ. ಜನವರಿಯನ್ನೇ ಯಾಕೆ ಹಿಡಿದರು ಅಂದರೆ, ಸೈಬೀರಿಯಾ, ಮಧ್ಯ ಏಷ್ಯಾ ಕಡೆಯಿಂದ ಬರುವ ಬಾತುಗಳು, ಗೊರವಗಳು ಆ ಹೊತ್ತಿಗೆ ಬಂದು ನೆಲೆ ನಿಂತಿರುತ್ತವೆ. ವಾಪಸ್ ಹೊರಡುವ ಗಡಿಬಿಡಿ ಇನ್ನೂ ಇರೋದಿಲ್ಲ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಹದಿನೈದು ದಿನದೊಳಗೆ ಎಣಿಸಿದರೆ ಒಂದೇ ಹಿಂಡನ್ನು ಎರಡು ಕಡೆ ಲೆಕ್ಕ ಹಿಡಿಯುವ ತಪ್ಪು ಕಡಿಮೆಯಾಗುತ್ತೆ. ಬೆಳಿಗ್ಗೆ ಬೇಗ ಹೋಗಿ, ಸೂರ್ಯ ಬೆನ್ನಿಗೆ ಬರುವ ಹಾಗೆ ನಿಲ್ಲಬೇಕು. ಹತ್ತೋ ಇಪ್ಪತ್ತೋ ಇದ್ದರೆ ಒಂದೊಂದಾಗಿ ಎಣಿಸಿ. ಐನೂರು ಇದ್ದರೆ ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಕೊಂಡು, ಆಮೇಲೆ ಹತ್ತು ಹತ್ತಾಗಿ ಸರಿದುಕೊಂಡು ಹೋಗಿ. ಇಬ್ಬರು ಬೇರೆ ಬೇರೆ ಎಣಿಸಿ ಕೊನೆಗೆ ತಾಳೆ ನೋಡಿ. ಫಾರಂನಲ್ಲಿ ಹಕ್ಕಿಯ ಹೆಸರು, ಸಂಖ್ಯೆ ಮಾತ್ರ ಅಲ್ಲ, ಕೆರೆಯಲ್ಲಿ ನೀರೆಷ್ಟಿದೆ, ಕಸ ಸುರಿದಿದ್ದಾರಾ, ಮಣ್ಣು ತೆಗೆಯುತ್ತಿದ್ದಾರಾ, ಬಲೆ ಹಾಕಿದ್ದಾರಾ, ಎಲ್ಲ ಬರೆಯಬೇಕು. ಇದನ್ನು ಮೊದಲ ಸಲ ಓದಿದಾಗ ನನಗೆ ತಾತನ ಕೆಲಸದ ಪಟ್ಟಿ ನೋಡಿದ ಹಾಗಾಯಿತು.

ನಾನು ಇದಕ್ಕೆ ಬಿದ್ದದ್ದು 1999ರಲ್ಲಿ. ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ದಿನವಿಡೀ ವರ್ನಿಯರ್, ಮೈಕ್ರೋಮೀಟರ್, ರಿಜಿಸ್ಟರ್. ಒಂದು ಭಾನುವಾರ ಇದೇ ಕೆರೆ ಏರಿಯ ಮೇಲೆ ಐದಾರು ಜನ ಟೆಲಿಸ್ಕೋಪ್ ಇಟ್ಟುಕೊಂಡು ನಿಂತಿದ್ದರು. ಅವರಲ್ಲೊಬ್ಬರು ಬ್ಯಾಂಕಿನಲ್ಲಿದ್ದ ಮೇಡಂ. "ನಿಮ್ ಬರವಣಿಗೆ ಚೆನ್ನಾಗಿದ್ಯಾ? ನಾನ್ ಹೇಳ್ತೀನಿ, ಬರ್ಕೊಳಿ" ಅಂತ ಪ್ಯಾಡ್ ಕೈಗಿಟ್ಟರು. ಸೂಜಿಬಾಲದ ಬಾತು, ನಾಮದ ಕೋಳಿ, ಗುಳುಮುಳುಕ, ಮೆಟ್ಟುಗಾಲು. ಆ ದಿನ ಮೆಟ್ಟುಗಾಲು 64. ಅವರು 62 ಅಂದರು, ನಾನು 66 ಅಂದೆ, ಮತ್ತೆ ಎಣಿಸಿ 64ಕ್ಕೆ ಬಂದೆವು. ಆ ಸಂಖ್ಯೆ ನನಗಿನ್ನೂ ನೆನಪಿದೆ.

ಆರು ವರ್ಷ ತಪ್ಪದೆ ಹೋದೆ. ಆಮೇಲೆ ಮಗಳ ಸ್ಕೂಲು, ಭಾನುವಾರದ ಓವರ್‌ಟೈಮ್, ಸ್ವಲ್ಪ ಸೋಮಾರಿತನ. ಮೇಡಂ ಬೇರೆ ಊರಿಗೆ ಹೋದರು. ನಾನು ಕೆರೆಗೆ ಹೋಗುವುದು ಬಿಡಲಿಲ್ಲ, ವಾಕಿಂಗಿಗೆ ದಿನಾ ಹೋಗುತ್ತಿದ್ದೆ, ಹಕ್ಕಿಗಳನ್ನೂ ನೋಡುತ್ತಿದ್ದೆ. ಬರೆಯುವುದನ್ನು ಮಾತ್ರ ಬಿಟ್ಟೆ. ದಿನಾ ಕಾಣೋದನ್ನ ಏನು ಬರೆಯೋದು ಅಂತ.

ಹತ್ತು ವರ್ಷ ಹಾಗೇ ಹೋಯಿತು. ಆಮೇಲೆ ಕೆರೆಯನ್ನು "ಅಭಿವೃದ್ಧಿ" ಮಾಡುವ ಯೋಜನೆ ಬಂತು. ಯಾರ ಯೋಜನೆ ಅಂತ ಹೇಳಲು ಹೋಗುವುದಿಲ್ಲ, ಅದು ಮುಖ್ಯವೂ ಅಲ್ಲ, ಎಲ್ಲ ಕಡೆ ಆಗುವುದು ಒಂದೇ. ಜೆಸಿಬಿ ಇಳಿಸಿ ಅಂಗಳವನ್ನೆಲ್ಲ ಬಗೆದು ಆಳ ಮಾಡುವುದು, ಸುತ್ತ ಕಲ್ಲು ಕಟ್ಟುವುದು, ಮೇಲೆ ವಾಕಿಂಗ್ ಪಾತ್, ಬೆಂಚು, ದೀಪ. ಪಕ್ಕದ ಲೇಔಟಿನವರಿಗೆಲ್ಲ ಖುಷಿ. ನನಗೂ ಬೆಂಚು ಬೇಡ ಅಂತೇನಿಲ್ಲ, ಮಂಡಿ ನೋಯುತ್ತೆ. ಆದರೆ ಅಂಗಳ ಹೋದರೆ ಏನಾಗುತ್ತೆ ಅನ್ನುವುದು ಲೆಕ್ಕದ ಮಾತು. ಸಣ್ಣ ಗೊರವಗಳು ಮೇಯುವುದು ಬೆರಳುದ್ದ ನೀರಿನಲ್ಲಿ, ಒದ್ದೆ ಕೆಸರಿನಲ್ಲಿ. ಮೆಟ್ಟುಗಾಲು ಹಕ್ಕಿಗೆ ಹೆಚ್ಚೆಂದರೆ ಒಂದು ಗೇಣು ನೀರು. ಕೆರೆಯನ್ನು ಬೋಗುಣಿಯ ಹಾಗೆ ಮಾಡಿದರೆ ಅಂಚಿನಲ್ಲೇ ಆಳ. ನೀರುಕಾಗೆ ಮುಳುಗಬಹುದು, ಹೆಜ್ಜಾರ್ಲೆ ತೇಲಬಹುದು. ಕಾಲೂರಿ ಮೇಯುವವಕ್ಕೆ ಕಾಲೂರಲು ಜಾಗವೇ ಇರೋದಿಲ್ಲ.

ಊರವರ ಸಭೆ ಕರೆದಾಗ ಎದ್ದು ನಿಂತು ಇದನ್ನೇ ಹೇಳಿದೆ. ಪೂರ್ವದ ಕಡೆಯ ಕೆಸರಂಗಳ ಒಂದನ್ನಾದರೂ ಮುಟ್ಟಬೇಡಿ, ಕಲ್ಲು ಕಟ್ಟಬೇಡಿ ಅಂದೆ. ಅಲ್ಲಿದ್ದ ಎಂಜಿನಿಯರ್ ಒರಟು ಮನುಷ್ಯನಲ್ಲ. ಸಮಾಧಾನವಾಗಿಯೇ ಕೇಳಿದರು.

"ಎಷ್ಟ್ ಹಕ್ಕಿ ಬರ್ತವೆ ಸಾರ್ ಅಲ್ಲಿ?"

"ತುಂಬಾ ಬರ್ತವೆ."

"ತುಂಬಾ ಅಂದ್ರೆ? ಹೋದ್ ವರ್ಷ ಎಷ್ಟು? ಅದರ ಹಿಂದಿನ್ ವರ್ಷ?"

ನನ್ನ ಹತ್ತಿರ 1999ರಿಂದ 2004ರವರೆಗಿನದು ಇತ್ತು. ಆಮೇಲಿನದು ಏನೂ ಇರಲಿಲ್ಲ.

"ಹತ್ತು ವರ್ಷದ ಹಿಂದಿನ್ ಲೆಕ್ಕ ಇಟ್ಕೊಂಡ್ ನಾನು ಡ್ರಾಯಿಂಗ್ ಹೆಂಗ್ ಬದಲಾಯಿಸ್ಲಿ, ನೀವೇ ಹೇಳಿ" ಅಂದರು.

ಹೇಳಲು ಏನೂ ಇರಲಿಲ್ಲ, ಕುಳಿತುಕೊಂಡೆ. ಅವರ ಮೇಲೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಯಾಕಂದರೆ ಪೀಣ್ಯದಲ್ಲಿ ನಾನು ಹೊಸ ಹುಡುಗರಿಗೆ ಹೇಳಿಕೊಡುವ ಮೊದಲ ಪಾಠವೇ ಇದು: ರಿಜಿಸ್ಟರಿನಲ್ಲಿ ಬರೆಯದಿದ್ದರೆ ನೀನು ಅಳತೆ ಮಾಡಿಲ್ಲ ಅಂತಲೇ ಅರ್ಥ. ಪೀಸ್ ಸರಿಯಾಗಿಯೇ ಇರಬಹುದು, ನೀನು ನೋಡಿಯೂ ಇರಬಹುದು, ಆದರೆ ಬರಹ ಇಲ್ಲದಿದ್ದರೆ ಗಿರಾಕಿ ಇಡೀ ಲಾಟನ್ನು ವಾಪಸ್ ಕಳಿಸುತ್ತಾನೆ. ಹತ್ತು ವರ್ಷ ದಿನಾ ನೋಡಿದ ನಾನು ಒಂದು ದಿನವೂ ನೋಡದವನಿಗೆ ಸಮನಾಗಿದ್ದೆ. ಎರಡು ತಿಂಗಳಲ್ಲಿ ಪೂರ್ವದ ಅಂಗಳಕ್ಕೂ ಕಲ್ಲು ಬಂತು.

ಲೆಕ್ಕ ಇಟ್ಟವರ ಕಥೆಯೂ ನಮ್ಮ ಪಕ್ಕದಲ್ಲೇ ಇದೆ, ಅದನ್ನೂ ಹೇಳಬೇಕು. ಹೆಸರಘಟ್ಟ ಕೆರೆಯ ಸುತ್ತಮುತ್ತ ಹುಲ್ಲುಗಾವಲು ಇದೆ. ಹೊರಗಿನವರ ಕಣ್ಣಿಗೆ ಅದು "ಖಾಲಿ ಬಿದ್ದ ಜಾಗ". ಖಾಲಿ ಜಾಗ ಅಂದರೆ ಯೋಜನೆಗಳು ಬರುತ್ತಲೇ ಇರುತ್ತವೆ. ಅಲ್ಲಿಗೆ ವರ್ಷಗಟ್ಟಲೆ ವಾರಾಂತ್ಯದಲ್ಲಿ ಹೋಗುತ್ತಿದ್ದ ಹಕ್ಕಿ ವೀಕ್ಷಕರು, ಫೋಟೋದವರು ಕಂಡ ಹಕ್ಕಿ, ಕೀಟ, ಹುಲ್ಲು ಎಲ್ಲವನ್ನೂ ದಿನಾಂಕ ಸಹಿತ ಬರೆದಿಟ್ಟಿದ್ದರು. ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಪಟ್ಟಿ ಅವರ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡೇ ಇದನ್ನು ಸಂರಕ್ಷಣಾ ಮೀಸಲು ಮಾಡಿ ಅಂತ ಕೇಳಿದರು. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಆಗುವುದಿಲ್ಲ ಅಂದಿತು. ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಯನ್ನು ಮೀಸಲು ಮಾಡುವ ಪ್ರಸ್ತಾವನೆಗೆ ಒಪ್ಪಿಗೆ ಕೊಟ್ಟಿತು. ಪಟ್ಟಿ ಇದ್ದ ಮಾತ್ರಕ್ಕೆ ಗೆದ್ದರು ಅಂತ ನಾನು ಹೇಳುತ್ತಿಲ್ಲ. ಪಟ್ಟಿ ಇಲ್ಲದಿದ್ದರೆ ಕೇಳಲಿಕ್ಕೂ ಆಗುತ್ತಿರಲಿಲ್ಲ. ನನ್ನ ಹಾಗೆ ಕುಳಿತುಕೊಳ್ಳಬೇಕಾಗಿತ್ತು.

ನಮ್ಮ ಶಾಪಿನಲ್ಲಿ ಹೊನ್ನಾವರ ಕಡೆಯ ಒಬ್ಬರಿದ್ದಾರೆ, ಲೇತ್ ಆಪರೇಟರ್. ಈ ಕಥೆ ಹೇಳಿದಾಗ ಅವರು ನಕ್ಕು, "ನಿಮ್ದು ಕೆರೆ ಮಾರಾಯ್ರೆ, ನಮ್ದು ಸಮುದ್ರ. ಆದ್ರೆ ಕತೆ ಒಂದೇ" ಅಂದರು. ಅವರ ಊರಿನ ಕಡೆ ಮರಳ ದಂಡೆಗೆ ಆಲಿವ್ ರಿಡ್ಲೆ ಕಡಲಾಮೆ ರಾತ್ರಿ ಹೊತ್ತು ಬಂದು, ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ಮತ್ತೆ ಸಮುದ್ರಕ್ಕೆ ಹೋಗುತ್ತೆ. ಒಂದೂವರೆ, ಎರಡು ತಿಂಗಳಿಗೆ ಮರಿ. ಅವರು ಚಿಕ್ಕವರಿದ್ದಾಗ ಮೊಟ್ಟೆ ಅಗೆದು ತರುವುದು ಮಾಮೂಲಿ ಸಂಗತಿಯಂತೆ. ಈಗ ಅದೇ ಮೀನುಗಾರರ ಮನೆಯ ಹುಡುಗರು ಬೆಳಗಿನ ಜಾವ ದಂಡೆಯಲ್ಲಿ ನಡೆದು, ಆಮೆ ತೆವಳಿದ ಗುರುತು ಹುಡುಕಿ, ಅರಣ್ಯ ಇಲಾಖೆಗೆ ಫೋನ್ ಮಾಡಿ, ಗೂಡಿಗೆ ಬೇಲಿ ಕಟ್ಟುತ್ತಾರೆ.

ಈ ನಡಿಗೆಗೂ ಒಂದು ಚರಿತ್ರೆ ಇದೆ. 1970ರ ದಶಕದ ಮೊದಲಲ್ಲಿ ಮದರಾಸಿನ ಹಾವಿನ ಉದ್ಯಾನದ ರೋಮುಲಸ್ ವಿಟೇಕರ್ ಮತ್ತು ಗೆಳೆಯರು ರಾತ್ರಿ ಸಮುದ್ರದಂಡೆ ನಡೆದು ಗೂಡು ಎಣಿಸಲು ಶುರುಮಾಡಿದರು. ಅವರ ಬಳಗದ ಸತೀಶ್ ಭಾಸ್ಕರ್ ದೇಶದ ಕರಾವಳಿಯನ್ನು ಸಾವಿರಾರು ಕಿಲೋಮೀಟರ್ ಒಬ್ಬರೇ ನಡೆದು ಎಲ್ಲಿ ಎಷ್ಟು ಗೂಡು ಅಂತ ಬರೆದಿಟ್ಟರು. 1988ರಿಂದ ಮದರಾಸಿನ ವಿದ್ಯಾರ್ಥಿಗಳೇ ಆ ನಡಿಗೆಯನ್ನು ವಹಿಸಿಕೊಂಡರು. ಒಂದು ತಂಡದ ಹುಡುಗರು ಓದು ಮುಗಿಸಿ ಹೋದರೆ ಇನ್ನೊಂದು ತಂಡ. ಅದಕ್ಕೇ ಆ ದಂಡೆಯ ನೆನಪು ತುಂಡಾಗಿಲ್ಲ.

ಕೆರೆಗೂ ಸಮುದ್ರಕ್ಕೂ ಇರುವ ನಂಟು ಬರೀ ಹೋಲಿಕೆಯದಲ್ಲ. ನಮ್ಮ ಕೆರೆಯಂಗಳದಲ್ಲಿ ಬಾಲ ಕುಣಿಸುತ್ತಾ ಓಡಾಡುವ ಗದ್ದೆ ಗೊರವದ ಜಾತಿಯೇ ಅಘನಾಶಿನಿಯ ಅಳಿವೆಯ ಕೆಸರಿನಲ್ಲೂ ಚಳಿಗಾಲ ಕಳೆಯುತ್ತೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಗದಗ ಕಡೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಈ ಮೂರೂ ಒಟ್ಟಿಗೆ ರಾಮ್ಸಾರ್ ಪಟ್ಟಿಗೆ ಸೇರಿದವು. ಒಂದು ಉಪ್ಪುನೀರಿನ ಅಂಚು, ಎರಡು ಸಿಹಿನೀರಿನ ಅಂಚು. ಹಕ್ಕಿಗೆ ಆ ಭೇದ ಅಷ್ಟಿಲ್ಲ. ಮೈಸೂರಿನ ಬಳಿಯ ಹದಿನಾರು ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಕುತ್ತಿಗೆಯಲ್ಲಿದ್ದ ಪಟ್ಟಿಯ ಸಂಖ್ಯೆಯನ್ನು ನಮ್ಮವರು ಟೆಲಿಸ್ಕೋಪಿನಲ್ಲಿ ಓದಿ ತಿಳಿಸಿದ್ದಾರೆ. ಆ ಪಟ್ಟಿ ತೊಡಿಸಿದ್ದು ಮಂಗೋಲಿಯಾದಲ್ಲಿ. ಅಲ್ಲಿ ತೊಡಿಸಿದ್ದನ್ನು ಇಲ್ಲಿ ಓದುವವರು ಇದ್ದಾಗ ಮಾತ್ರ ಅದರ ಹಾದಿ ತಿಳಿಯುತ್ತೆ.

ಈಗ ಕೆಲಸ ಸುಲಭವಾಗಿದೆ. ಫೋನಿನಲ್ಲೇ ಇಬರ್ಡ್ ಇದೆ, ನಿಂತ ಜಾಗ, ಹೊತ್ತು ಎಲ್ಲ ತಾನಾಗಿ ಬರುತ್ತೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂದಾಗ ಅದರ ಹಿಂದೆ ಸುಮಾರು 30,000 ಜನ ಕೊಟ್ಟ 3 ಕೋಟಿ ದಾಖಲೆಗಳಿದ್ದವು. 942 ಜಾತಿಗಳನ್ನು ನೋಡಿದರು. ದೀರ್ಘ ಕಾಲದ ಏರಿಳಿತ ಹೇಳುವಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ ಮಾತ್ರ, ಅವುಗಳಲ್ಲಿ 100ಕ್ಕೆ 60 ಇಳಿಮುಖ. ದೂರದಿಂದ ವಲಸೆ ಬರುವ, ನೀರಂಚಿನಲ್ಲಿ ಮೇಯುವ ಹಕ್ಕಿಗಳಿಗೆ ಪೆಟ್ಟು ಜೋರು. ಉಳಿದ 600 ಜಾತಿಗಳ ಬಗ್ಗೆ ಅಷ್ಟು ಹಿಂದಿನ ಲೆಕ್ಕ ಸಾಲದು. ನಾನು ಬರೆಯದ ಹತ್ತು ವರ್ಷದಂಥದ್ದು ಇನ್ನೆಷ್ಟು ಜನರದ್ದಿದೆಯೋ ಅಂತ ಆ ಅಂಕಿ ನೋಡಿದಾಗಲೆಲ್ಲ ಅನಿಸುತ್ತೆ.

ಇಂಥ ಲೆಕ್ಕದಲ್ಲಿ ಕೊರತೆ ಇಲ್ಲ ಅಂತಲ್ಲ. ಹವ್ಯಾಸಿಗಳು ಗುರುತಿಸುವುದರಲ್ಲಿ ತಪ್ಪುತ್ತಾರೆ. ಎಲ್ಲರೂ ಒಳ್ಳೆಯ ಕೆರೆಗೇ ಹೋಗುತ್ತಾರೆ, ಹಾಳಾದ ಕೆರೆಗೆ ಯಾರೂ ಹೋಗುವುದಿಲ್ಲ. ಹಾಗಾಗಿ ಹಾಳಾದದ್ದು ಲೆಕ್ಕದಿಂದಲೇ ಮಾಯವಾಗುತ್ತೆ. ಇದಕ್ಕೆ ಮದ್ದು ಒಂದೇ, ಹಕ್ಕಿ ಇರಲಿ ಬಿಡಲಿ ಅದೇ ಜಾಗಕ್ಕೆ, ಅದೇ ಕಾಲಕ್ಕೆ ಹೋಗಿ ಬರೆಯುವುದು. ಸೊನ್ನೆ ಬಂದರೂ ಬರೆಯುವುದು. ಸೊನ್ನೆಯೂ ಅಳತೆಯೇ. ಖಾಲಿ ಬಿಟ್ಟ ಮನೆ ಅಳತೆಯಲ್ಲ.

ಆದ್ದರಿಂದ ನಾನು ಮತ್ತೆ ಹೋಗುತ್ತಿದ್ದೇನೆ. ಕಲ್ಲು ಕಟ್ಟಿದ ಕೆರೆಗೇ. ಈ ಜನವರಿ ಎದುರು ಮನೆಯ ಹುಡುಗಿಯನ್ನು ಕರೆದುಕೊಂಡು ಹೋದೆ, ಎಂಟನೇ ಕ್ಲಾಸು. ನನಗಿಂತ ಕಣ್ಣು ಚುರುಕು. ನಾಮದ ಕೋಳಿ 41, ಗುಳುಮುಳುಕ 9, ನೀರುಕಾಗೆ 23, ಹೆಜ್ಜಾರ್ಲೆ 3. ಮೆಟ್ಟುಗಾಲಿನ ಸಾಲಿಗೆ ಬಂದಾಗ ಪೆನ್ನು ಎತ್ತಿ, "ಅಂಕಲ್, ಇದು ಇಲ್ವಲ್ಲ, ಬಿಟ್ಬಿಡ್ಲಾ?" ಅಂದಳು.

"ಬಿಡ್ಬೇಡ. ಸೊನ್ನೆ ಬರಿ."

ಬರೆದಳು. 1999ರಲ್ಲಿ 64, ಈಗ 0. ಮಧ್ಯದ ಹತ್ತು ವರ್ಷ ಏನೂ ಇಲ್ಲ. ಇಳಿದದ್ದು ಒಂದೇ ಏಟಿಗೋ ನಿಧಾನವಾಗಿಯೋ, ಜೆಸಿಬಿಗೆ ಮೊದಲೇ ಶುರುವಾಗಿತ್ತೋ ಆಮೇಲೋ, ಅದನ್ನು ಇನ್ನು ಯಾರೂ ಹೇಳಲಾರರು. ಹೇಳಬಹುದಾಗಿದ್ದವನು ನಾನೊಬ್ಬನೇ.

ವಾಪಸ್ ಬರುವಾಗ ಟೀ ಅಂಗಡಿಯಲ್ಲಿ ನಿಂತೆವು. ಅವನಿಗೀಗ ನಮ್ಮ ವ್ಯವಹಾರ ಗೊತ್ತು.

"ಆ ಉದ್ದ ಕಾಲಿಂದು ಸಿಕ್ತಾ ಸಾರ್?"

"ಇಲ್ಲ ಕಣಪ್ಪ."

"ಬುಧವಾರ ಎರಡು ಇತ್ತಲ್ಲ! ಕೋಡಿ ಪಕ್ಕ ಕಲ್ಲು ಕಿತ್ತೋಗಿ ಮಣ್ಣು ಕುಸಿದಿದ್ಯಲ್ಲ, ಅಲ್ಲಿ. ಬೆಳಿಗ್ಗೆ ಹಾಲು ಇಳಿಸೋವಾಗ ನೋಡ್ದೆ. ಸೇರಿಸ್ಕೊಳಿ."

ಹುಡುಗಿ ನನ್ನ ಮುಖ ನೋಡಿದಳು. ಭಾನುವಾರದ ಲೆಕ್ಕಕ್ಕೆ ಬುಧವಾರದ್ದನ್ನು ಸೇರಿಸುವ ಹಾಗಿಲ್ಲ, ನಾವು ಕಂಡಿದ್ದೂ ಅಲ್ಲ. "ಆಗಲ್ಲ ಕಣೋ. ನೀನೇ ಬರಿ" ಅಂದೆ. ಅವನು ಗಲ್ಲಾ ಕೆಳಗಿಂದ ಹಾಲಿನ ಲೆಕ್ಕದ ನೋಟ್‌ಬುಕ್ ತೆಗೆದ. ಬುಧವಾರದ ತಾರೀಖಿನ ಎದುರು, ಹನ್ನೆರಡು ಲೀಟರ್ ಅಂತ ಇದ್ದ ಕಡೆ, ಅದರ ಕೆಳಗೆ ಬರೆದ: ಉದ್ದ ಕಾಲು, 2, ಕೋಡಿ ಹತ್ರ, ಆರೂವರೆ.